ಕಾಕ ತೊಳೆದ ಕಾಡತೂಸುಗಳು

...ಅಥವಾ ಆ ಡಬ್ಬವನ್ನು ನಾನು ಕೊಟ್ಟದ್ದೇ ಅಲ್ಲವೇನೋ. ಇಷ್ಟು ವರ್ಷ ಅದು ಹಸಿರು ಡಬ್ಬ ಎಂದೇ ನಂಬಿದ್ದೆ. ಕಳೆದ ವಾರ ಇಲ್ಲಿ ಕುವೈತ್‌ನ ಎಗೈಲಾದ ಮಾಲ್ ಒಂದರಲ್ಲಿ ನೋಡಿದ್ದು ನೀಲಿ. ಡಬ್ಬದ ಬಣ್ಣ ಬದಲಾಗಿರಬಹುದು, ಅದು ಬೇರೆಯದೇ ಪಾಲಿಶ್ ಆಗಿರಲೂಬಹುದು. ಆದರೆ ಬಣ್ಣವೇ ಅನುಮಾನ ಎಂದಾದ ಮೇಲೆ ಉಳಿದದ್ದನ್ನು ಎಷ್ಟು ನಂಬುವುದು?

ಮಾಲ್‌ನ ಮೆಟ್ಟಿಲಿನ ಹಿತ್ತಾಳೆ ಕಂಬಿಗೆ ನೇಪಾಳದ ಕೆಲಸಗಾರನೊಬ್ಬ ಪಾಲಿಶ್ ಹಚ್ಚಿ ಉಜ್ಜುತ್ತಿದ್ದ. ಮೂಗಿಗಿಂತ ಮೊದಲು ಕಣ್ಣಿಗೆ ತಾಗುವ ವಾಸನೆ ಅದು. ಮಗಳು ಮೂಗು ಮುಚ್ಚಿಕೊಂಡು, "ಅಪ್ಪಾ, ಇಟ್ ಸ್ಮೆಲ್ಸ್ ಲೈಕ್ ಯುವರ್ ಲ್ಯಾಬ್" ಎಂದಳು. ನಾನು ನಿಂತುಬಿಟ್ಟೆ. ಆತನ ಕೈಯ ಬಟ್ಟೆ ಕಪ್ಪಾಗಿತ್ತು. ಅಂಚಿನಲ್ಲಿ ಮಾತ್ರ ತೆಳುವಾಗಿ ನೀಲಿ ಹಬ್ಬಿತ್ತು. ಆ ನೀಲಿಯನ್ನು ನಾನು ಮೊದಲೂ ನೋಡಿದ್ದೆ, ನಾವು ಹಿಂದೆ ಇದ್ದ ಖೈತಾನ್‌ನಲ್ಲಿ, ಕಾಕನ ಕೋಣೆಯಲ್ಲಿ. "ಯಲ್ಲಾ ಅಪ್ಪಾ, ಹೋಗುವ" ಎಂದು ಮಗಳು ತೋಳು ಎಳೆಯುವವರೆಗೂ ನಿಂತೇ ಇದ್ದೆನಂತೆ. ಇದು ಅವಳು ಹೇಳಿದ್ದು.

ನಾನು ಇಲ್ಲಿನ ಭಾರತೀಯ ಶಾಲೆಯೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಕಾಕನ ಕಥೆಯನ್ನು ಪ್ರತಿ ವರ್ಷವೂ ಹನ್ನೆರಡನೆಯ ತರಗತಿಗೆ ಹೇಳುತ್ತೇನೆ. ತಾಮ್ರ ಮತ್ತು ಅಮೋನಿಯದ ಪಾಠ ಬಂದಾಗ, ಮಕ್ಕಳ ನಿದ್ದೆ ಬಿಡಿಸಲು. "ನಮ್ಮ ಬಿಲ್ಡಿಂಗ್‌ನಲ್ಲಿ ಒಬ್ಬ ಕಾವಲುಗಾರರಿದ್ದರು, ಅವರು ಏನು ಮಾಡಿದರು ಗೊತ್ತೇ" ಎಂದು ಶುರುವಾಗುವ ಆ ಕಥೆ ಹೇಳಿ ಹೇಳಿ ಚೆನ್ನಾಗಿ ಕುದುರಿದೆ. ಎಲ್ಲಿ ನಗಬೇಕೋ ಅಲ್ಲಿ ನಗುತ್ತಾರೆ, ಎಲ್ಲಿ ಹೆದರಬೇಕೋ ಅಲ್ಲಿ ಹೆದರುತ್ತಾರೆ. ಆ ಕಥೆಯಲ್ಲಿ ನಾನಿಲ್ಲ. ಅಷ್ಟು ನಯವಾದ ಕಥೆಯನ್ನು ನಂಬಬಾರದು ಎಂದು ಈಗ ಅನ್ನಿಸುತ್ತದೆ. ಹಾಗಾಗಿ ಇಲ್ಲಿ ನೆನಪಿರುವುದನ್ನು ಮಾತ್ರ ಬರೆಯುತ್ತೇನೆ. ನೆನಪಿಲ್ಲದಲ್ಲಿ ನೆನಪಿಲ್ಲ ಎನ್ನುತ್ತೇನೆ.

ಖೈತಾನ್‌ನ ಆ ನಾಲ್ಕು ಮಹಡಿಯ ಕಟ್ಟಡದ ಹಾರಿಸ್, ಅಂದರೆ ಕಾವಲುಗಾರ, ಕಾಕ. ಬಂಟ್ವಾಳದ ಕಡೆಯ ಬ್ಯಾರಿ. ಕುವೈತ್‌ಗೆ ಬಂದು ಎಷ್ಟು ವರ್ಷವಾಯಿತು ಎಂದರೆ, "ನಾನು ಬರುವಾಗ ಈ ರೋಡು ಇರ್ಲಿಲ್ಲ" ಎಂದಷ್ಟೇ ಹೇಳುತ್ತಿದ್ದರು. ಯಾವ ರಸ್ತೆ ಎಂದು ನಾವು ಕೇಳುತ್ತಿರಲಿಲ್ಲ. ಲಿಫ್ಟ್‌ನ ಪಕ್ಕದಲ್ಲಿ ಅವರ ಸ್ಟೂಲು, ಅದರ ಹಿಂದೆ ಅವರ ಕೋಣೆ. ಈಜಿಪ್ಟಿನವರು, ಆಂಧ್ರದವರು, ತಮಿಳರು ಎಲ್ಲರೂ ಅವರನ್ನು ಹಾರಿಸ್ ಎಂದರೆ, ಊರಿನವರಾದ ನಮಗೆ ಅವರು ಕಾಕ. ಅವರಿಗೆ ನಾನು ಮಾಷ್ಟ್ರು, ನನ್ನ ಹೆಂಡತಿ ಅಕ್ಕ. ಅವಳು ಅವರ ಮಗಳ ವಯಸ್ಸಿನವಳು, ಆದರೂ ಅಕ್ಕ.

ಕಟ್ಟಡದ ಮಾಲೀಕ ಕುವೈತಿ, ಸರ್ಕಾರಿ ಕೆಲಸದಿಂದ ನಿವೃತ್ತರಾದವರು. ಕಾಕ ಅವರನ್ನು ಬಾಬಾ ಎನ್ನುತ್ತಿದ್ದುದರಿಂದ ನಮಗೂ ಅವರು ಬಾಬಾ. ಅವರಿಗೆ ಗುರಿ ಹೊಡೆಯುವ ಹುಚ್ಚು. ಪ್ರತಿ ಶುಕ್ರವಾರ ಕ್ಲಬ್‌ಗೆ ಹೋಗಿ ಹಲಗೆಗೆ ಗುಂಡು ಹೊಡೆದು ಬರುತ್ತಿದ್ದರು. ಕೋವಿಗೂ ಉಳಿದದ್ದಕ್ಕೂ ಪರವಾನಗಿ ಇತ್ತು ಎಂದು ಕಾಕ ಹೇಳಿದ್ದು, ನಾನು ನೋಡಿದ್ದಲ್ಲ. ಅಂಗಡಿಯ ಗುಂಡು ಅವರಿಗೆ ಹಿಡಿಸುತ್ತಿರಲಿಲ್ಲ. ಗುಂಡು ಹಾರಿದ ಮೇಲೆ ಕೋವಿಯಿಂದ ಹೊರಬೀಳುವ ಹಿತ್ತಾಳೆಯ ಕೊಳವೆಯನ್ನು ಒಂದೂ ಬಿಡದೆ ಆಯ್ದುಕೊಂಡು ಬಂದು, ಮನೆಯಲ್ಲಿ ತಾವೇ ಅದಕ್ಕೆ ಮತ್ತೆ ಮದ್ದು ತುಂಬಿಸಿ, ಹೊಸ ಕಾಡತೂಸು ಮಾಡಿಕೊಳ್ಳುತ್ತಿದ್ದರು. ತುಂಬಿಸುವ ಮೊದಲು ಕೊಳವೆ ಶುಚಿಯಾಗಬೇಕು. ಆ ಕೆಲಸ ಕಾಕನ ಪಾಲಿನದು. ನಾವೆಲ್ಲ ಆ ಕೊಳವೆಗಳನ್ನು ಬರೀ 'ಖಾಲಿ' ಎನ್ನುತ್ತಿದ್ದೆವು. ಬಾಬಾನಿಗೂ ಅರ್ಥವಾಗುತ್ತಿದ್ದ, ನಮಗೂ ಅರ್ಥವಾಗುತ್ತಿದ್ದ ಪದ ಅದೊಂದೇ.

ಬಾಸುಮತಿ ಅಕ್ಕಿಯ ಚೀಲದಲ್ಲಿ ಖಾಲಿಗಳು ಬರುತ್ತಿದ್ದವು. ಚೀಲ ಬಿಚ್ಚಿದರೆ ಪಟಾಕಿ ಹೊಡೆದ ಮರುದಿನದ ಅಂಗಳದ ವಾಸನೆ. ಒಳಗೆ ಮಸಿ, ಹೊರಗೆ ಕಂದು ಕಲೆ. ಕಾಕ ಅವನ್ನು ತೊಳೆಯುತ್ತಿದ್ದುದು ಹುಣಸೆಹುಳಿಯಲ್ಲಿ. ಊರಿನಲ್ಲಿ ಅವರ ಉಮ್ಮ ಹಿತ್ತಾಳೆ ಚೆಂಬು ತೊಳೆಯುತ್ತಿದ್ದ ಹಾಗೆಯೇ. ಅದಕ್ಕೆಂದು ಹೊಸ ಹುಳಿ ತರುತ್ತಿರಲಿಲ್ಲ. ಕಟ್ಟಡದ ನಾಲ್ಕೈದು ಮನೆಗಳಲ್ಲಿ ದಿನವೂ ಸಾರು, ಸಾಂಬಾರು. ಹುಳಿಯ ರಸ ಹಿಂಡಿದ ಮೇಲೆ ಉಳಿಯುವ ನಾರು, ಸಿಪ್ಪೆ, ಅಂಟು ಎಲ್ಲವನ್ನೂ ಹೆಂಗಸರು ಪ್ಲಾಸ್ಟಿಕ್ ಡಬ್ಬದಲ್ಲಿ ಹಾಕಿ ಫ್ರಿಜ್ಜಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಬುಧವಾರ ಸಂಜೆ ಕಾಕ ಬೆಲ್ ಒತ್ತಿ, ಬಾಗಿಲಿನಿಂದ ಎರಡು ಹೆಜ್ಜೆ ದೂರ ನಿಂತು, "ಹಿಂಡಿದ ಹುಳಿ ಉಂಟಾ ಅಕ್ಕ?" ಎಂದು ಕೇಳುತ್ತಿದ್ದರು. ಕುವೈತಿಯೊಬ್ಬನ ಕೋವಿಯ ಶುದ್ಧಿ ನಮ್ಮ ಮನೆಯ ಸಾರನ್ನು ಅವಲಂಬಿಸಿತ್ತು ಎಂದು ಈಗ ಬರೆಯುವಾಗ ನನಗೇ ನಗು ಬರುತ್ತದೆ. ಆಗ ಅದು ಯಾರಿಗೂ ವಿಚಿತ್ರ ಎನಿಸಿರಲಿಲ್ಲ.

ಬಕೆಟ್‌ನಲ್ಲಿ ಹುಳಿ ಕದಡಿ, ಖಾಲಿಗಳನ್ನು ನೆನೆಸಿ, ಕೈಯಲ್ಲೇ ತಿಕ್ಕಿ, ಮೂರು ನೀರು ಬದಲಿಸಿ, ತಾರಸಿಯಲ್ಲಿ ಹಳೆಯ ಬೆಡ್‌ಶೀಟ್ ಹಾಸಿ ಒಣಗಲು ಹರಡುತ್ತಿದ್ದರು. ಬೇಸಗೆಯಲ್ಲಿ ಅರ್ಧ ಗಂಟೆಗೆ ಮುಟ್ಟಲಾರದಷ್ಟು ಬಿಸಿ. ಸೌಟಿನಿಂದ ತಿರುವಿ ಹಾಕುತ್ತಿದ್ದರು. ಬಟ್ಟೆ ಒಣಗಿಸಲು ಹೋದ ನನ್ನ ಹೆಂಡತಿ, "ಸಂಡಿಗೆ ಒಣಗಿತಾ ಕಾಕ?" ಎಂದರೆ, "ಇದನ್ನು ಎಣ್ಣೆಗೆ ಹಾಕ್ಬೇಡಿ ಅಕ್ಕ, ಬಾಣಲೆ ಮಾತ್ರ ಉಳೀಲಿಕ್ಕಿಲ್ಲ" ಎನ್ನುತ್ತಿದ್ದರು. ಅವಳಿಗೆ ಒಳಗೊಳಗೇ ಭಯವಿತ್ತು.

"ಪೊಲೀಸರು ಬಂದ್ರೆ ಎಂತ ಹೇಳುದು ಕಾಕ?"

"ಖಾಲಿ ಅಲ್ವಾ ಅಕ್ಕ. ಗುಂಡೂ ಇಲ್ಲ, ಮದ್ದೂ ಇಲ್ಲ."

"ಅದನ್ನು ಪೊಲೀಸರಿಗೆ ಹೇಳಿ."

"ಪೊಲೀಸರಿಗೆ ಬಾಬಾ ಹೇಳ್ತಾರೆ. ನಾನು ಹುಳಿಗೆ ಮಾತ್ರ ಜವಾಬ್ದಾರಿ."

ಒಣಗಿದ ಮೇಲೆ ಕೊನೆಯ ಕೆಲಸವೊಂದಿತ್ತು. ಅದನ್ನು ನೋಡಲೆಂದೇ ನಾನು ಕೆಲವೊಮ್ಮೆ ತಾರಸಿಗೆ ಹೋಗುತ್ತಿದ್ದೆ. ಕಾಕ ಒಂದೊಂದು ಮುಷ್ಟಿ ಖಾಲಿ ತೆಗೆದುಕೊಂಡು, ಕಿವಿಯ ಹತ್ತಿರ ತಂದು, ಕಣ್ಣು ಮುಚ್ಚಿ ಅಲುಗಿಸುತ್ತಿದ್ದರು. ಬಳೆಯ ಸದ್ದಿನಂತೆ ಗಲಗಲ ಅಂದರೆ ಸರಿ. ಮುಷ್ಟಿಯಲ್ಲಿ ಒಂದೇ ಒಂದು ಖಾಲಿ ಸೀಳಿದ್ದರೂ ಸದ್ದು ಮಂಕಾಗುತ್ತಿತ್ತು. ಆಗ ಒಂದೊಂದಾಗಿ ಕೆಳಗಿಡುತ್ತ, ಆ ಮಂಕು ಸದ್ದಿನದ್ದನ್ನು ಹುಡುಕಿ ಬೇರೆ ಹಾಕುತ್ತಿದ್ದರು. ಕಣ್ಣಿಗೆ ಕಾಣದ ಸೀಳನ್ನು ಕಿವಿಯಲ್ಲಿ ಹಿಡಿಯುತ್ತಿದ್ದರು. ಅದನ್ನು ಅವರಿಗೆ ಕಲಿಸಿದವರು ಯಾರು, ಬಾಬಾನೇ, ಅಥವಾ ತಾವೇ ಕಂಡುಕೊಂಡದ್ದೇ... ಕೇಳಿದ್ದೆನೋ ಏನೋ. ಉತ್ತರ ನೆನಪಿಲ್ಲ.

ಆ ವರ್ಷದ ಬೇಸಗೆ ರಜೆಯಲ್ಲಿ ಹೆಂಡತಿ ಮಗಳನ್ನು ಕರೆದುಕೊಂಡು ಊರಿಗೆ ಹೋದಳು. ಕಟ್ಟಡದ ಉಳಿದ ಮನೆಯವರೂ ಹೋದರು. ಗಂಡಸರೆಲ್ಲ ಹೋಟೆಲಿನ ಪಾರ್ಸೆಲ್ ತಿನ್ನುತ್ತಿದ್ದರು. ಸಾರು ನಿಂತಿತು, ಹಿಂಡಿದ ಹುಳಿಯೂ ನಿಂತಿತು. ಬಾಬಾ ಕೂಡ ಹೊರದೇಶಕ್ಕೆ ಹೋಗಿದ್ದರು. ಹೋಗುವ ಮೊದಲು ಎರಡು ಚೀಲ ಖಾಲಿ ಬಿಟ್ಟು, ಆಗಸ್ಟ್ ಕೊನೆಗೆ ಬರುವಾಗ ಸಿದ್ಧವಿರಲಿ ಎಂದಿದ್ದರು. ಕಾಕನಿಗೆ ಆ ಬಾರಿ ಬಾಬಾನನ್ನು ಮೆಚ್ಚಿಸುವ ಅಗತ್ಯ ಎಂದಿಗಿಂತ ಹೆಚ್ಚಿತ್ತು. ಅರುವತ್ತು ದಾಟಿದವರ ಇಕಾಮಾ, ಅಂದರೆ ಇಲ್ಲಿ ಉಳಿಯುವ ಪರವಾನಗಿ, ಇನ್ನು ಮುಂದೆ ಸುಲಭವಾಗಿ ನವೀಕರಣವಾಗುವುದಿಲ್ಲವಂತೆ ಎಂಬ ಸುದ್ದಿ ಎಲ್ಲ ಕಡೆ ಓಡಾಡುತ್ತಿತ್ತು. ಕಾಕನ ಇಕಾಮಾ ಅಕ್ಟೋಬರಿಗೆ ಮುಗಿಯುವುದಿತ್ತು. ಬಾಬಾ ಖುದ್ದು ಓಡಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ನಾನು ಆ ಬೇಸಗೆ ಊರಿಗೆ ಹೋಗಿರಲಿಲ್ಲ. ಯಾಕೆ ಎಂಬುದು ಇಲ್ಲಿ ಮುಖ್ಯವಲ್ಲ. ಮಾಡಲು ಕೆಲಸವಿರಲಿಲ್ಲ, ಅದು ಮುಖ್ಯ. ಒಂದು ದಿನ ಕೆಳಗೆ ಬಂದಾಗ ಕಾಕ ಎರಡು ಚೀಲಗಳ ಮುಂದೆ ಕೈಕಟ್ಟಿ ಕೂತಿದ್ದರು.

"ಹುಳಿ ಇಲ್ಲ ಮಾಷ್ಟ್ರೆ. ಅಂಗಡಿಯ ಹೊಸ ಹುಳಿ ಹಾಕಿದ್ರೆ ತುಂಬಾ ಸ್ಟ್ರಾಂಗ್ ಆಗ್ತದೆ, ಹಿತ್ತಾಳೆ ಕೆಂಪಾಗ್ತದೆ."

ರಸಾಯನಶಾಸ್ತ್ರದ ಮೇಷ್ಟ್ರಿಗೆ ಇಷ್ಟು ಸಾಕು. ಆಮ್ಲದ ಪ್ರಮಾಣ, ತಾಮ್ರ, ಸತು ಎಂದು ಐದು ನಿಮಿಷ ಪಾಠ ಮಾಡಿದೆ. ಕಾಕ ಕೈಕಟ್ಟಿಕೊಂಡೇ ಕೇಳಿದರು. ಕೊನೆಗೆ ನಾನು, "ಇದಕ್ಕೆಲ್ಲ ಪಾಲಿಶ್ ಉಂಟಲ್ಲ ಕಾಕ, ಬಟ್ಟೆಯಲ್ಲಿ ಒಂದು ಸಲ ಒರೆಸಿದರೆ ಮುಗೀತು" ಎಂದೆ. ಮರುದಿನ ಶಾಲೆಯ ಲ್ಯಾಬ್‌ನ ಸ್ಟೋರಿನಿಂದ ಡಬ್ಬ ತಂದೆ. ಶಾಲೆಯ ಹಿತ್ತಾಳೆ ಗಂಟೆಗೂ ಬಹುಮಾನದ ಕಪ್‌ಗಳಿಗೂ ಹಚ್ಚುವ ಪಾಲಿಶ್.

ಹೆಂಡತಿ ಇದನ್ನು ಒಪ್ಪುವುದಿಲ್ಲ. ಡಬ್ಬವನ್ನು ಕಾಕನೇ ಕೊಂಡದ್ದು, ತನಗೆ ಫೋನಿನಲ್ಲಿ ಹೇಳಿದ್ದರು ಎನ್ನುತ್ತಾಳೆ. "ನೀವು ಎಲ್ಲದರಲ್ಲೂ ನಿಮ್ಮನ್ನು ಒಳಗೆ ತೂರಿಸಿಕೊಳ್ಳುದು" ಎಂದು ಬೈಯುತ್ತಾಳೆ. ಅವಳು ಆಗ ಊರಿನಲ್ಲಿದ್ದಳು ಎಂಬುದು ನಿಜ. ಅವಳ ನೆನಪು ನನ್ನದಕ್ಕಿಂತ ಗಟ್ಟಿ ಎಂಬುದೂ ನಿಜ. ಆದರೆ ಸ್ಟೋರಿನ ಕೀಲಿ ತಿರುಗಿಸಿದ್ದು ನನ್ನ ಕೈಗೆ ನೆನಪಿದೆ. ಕೀಲಿ ತಿರುಗಿಸಿದ್ದು ಡಬ್ಬಕ್ಕೆಂದೇ ಹೌದೇ... ಅಷ್ಟನ್ನು ಕೈ ಹೇಳುವುದಿಲ್ಲ.

ಒಟ್ಟಿನಲ್ಲಿ ನಾಲ್ಕು ದಿನ ಮಧ್ಯಾಹ್ನ ನಾವಿಬ್ಬರೂ ಅವರ ಕೋಣೆಯಲ್ಲಿ ಕೂತು ಖಾಲಿಗಳಿಗೆ ಪಾಲಿಶ್ ಹಚ್ಚಿದೆವು. ಕಿಟಕಿಯ ಎಸಿ ಗುಡುಗುತ್ತಿತ್ತು. ಕಣ್ಣಲ್ಲಿ ನೀರು. "ಮಾಷ್ಟ್ರು ಅಳ್ತಾ ಇದ್ದಾರೆ, ಹೆಂಡ್ತಿ ನೆನಪಾ?" ಎಂದು ಕಾಕ ಕೆಣಕಿದರು. ಹಚ್ಚಿದ ಬಟ್ಟೆ ಮೊದಲು ಕಪ್ಪಾಯಿತು, ಆಮೇಲೆ ಅಂಚಿನಲ್ಲಿ ನೀಲಿ ಬಂತು. ನಾನು ಆ ನೀಲಿ ನೋಡಿದೆ. ನೋಡಿಯೂ ಏನೂ ಹೊಳೆಯಲಿಲ್ಲ. ಹದಿನಾಲ್ಕು ವರ್ಷದಿಂದ ಮಕ್ಕಳಿಗೆ ತೋರಿಸುತ್ತ ಬಂದ ನೀಲಿ ಅದು. ಅಮೋನಿಯ ತಾಮ್ರವನ್ನು ತಿಂದಾಗ ಬರುವ ನೀಲಿ. ಲ್ಯಾಬಿನ ಗಾಜಿನ ನಳಿಕೆಯಲ್ಲಿ ಬಂದಿದ್ದರೆ ಗುರುತಿಸುತ್ತಿದ್ದೆ. ಹಳೆಯ ಬನಿಯನ್ ತುಂಡಿನಲ್ಲಿ ಗುರುತಾಗಲಿಲ್ಲ.

ಖಾಲಿಗಳು ಮಾತ್ರ ಚಿನ್ನದಂತೆ ಹೊಳೆದವು. ಕಾಕ ಫೋಟೋ ತೆಗೆದು ಬಾಬಾನಿಗೆ ಕಳಿಸಿದರು. ಅಲ್ಲಿಂದ ಹೆಬ್ಬೆರಳಿನ ಚಿತ್ರ ಬಂತು. ಚೀಲದ ಬಾಯಿಗೆ ಸುತಳಿ ಬಿಗಿದು ಬಯಾನ್‌ನಲ್ಲಿದ್ದ ಬಾಬಾನ ಮನೆಗೆ ಮುಟ್ಟಿಸಿ ಬಂದರು. ಹುಳಿಯನ್ನು ಇನ್ನು ಯಾರೂ ಎತ್ತಿಡಬೇಕಾಗಿಲ್ಲ ಎಂದು ನಾನು ಕಾಕನಿಗೆ ಹೇಳಿದಂತೆ ನೆನಪು. ಹೆಮ್ಮೆಯಿಂದ.

ಸೆಪ್ಟೆಂಬರಿನಲ್ಲಿ ಶಾಲೆ ಶುರುವಾಯಿತು. ಎರಡನೆಯ ವಾರವೋ ಮೂರನೆಯ ವಾರವೋ, ಗುರುವಾರವಂತೂ ಹೌದು, ನಳಿಕೆಯಲ್ಲಿದ್ದ ತಾಮ್ರದ ದ್ರಾವಣಕ್ಕೆ ಅಮೋನಿಯ ಹನಿಸಿದೆ. ಆ ಗಾಢ ನೀಲಿ ಬಂತು. ಮಕ್ಕಳು ಓಹೋ ಎಂದರು. ನನಗೆ ಕಂಡದ್ದು ಕಾಕನ ಮಡಿಲಿನಲ್ಲಿದ್ದ ಬನಿಯನ್ ತುಂಡು.

ಹಿತ್ತಾಳೆಗೂ ಅಮೋನಿಯಕ್ಕೂ ಆಗಿಬರುವುದಿಲ್ಲ ಎಂಬುದು ಹಳೆಯ ಪಾಠ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದಲ್ಲಿಯೇ, ಮಳೆಗಾಲದಲ್ಲಿ ಕುದುರೆ ಲಾಯದ ಹತ್ತಿರ ಇಟ್ಟ ಕಾಡತೂಸುಗಳು ತಾವಾಗಿಯೇ ಸೀಳುತ್ತಿದ್ದವಂತೆ. ಕುದುರೆ ಮೂತ್ರದ ಗಾಳಿ ತಾಗಿ. ಸ್ಟಾಫ್‌ರೂಮಿನಲ್ಲಿ ಕೂತು ಮೊಬೈಲ್‌ನಲ್ಲಿ ಹುಡುಕಿದೆ. ಕಾಡತೂಸು ಮರುತುಂಬಿಸುವವರೆಲ್ಲ ಒಂದೇ ಮಾತು ಹೇಳುತ್ತಿದ್ದರು: ಅಮೋನಿಯ ಇರುವ ಪಾಲಿಶ್ ಮುಟ್ಟಿಸಲೇಬೇಡಿ. ಹೊರಗೆ ಹೊಳೆಯುತ್ತದೆ, ಒಳಗೆ ಬಿರುಕು ಬಿಡುತ್ತದೆ, ಹೊಡೆಯುವಾಗ ಸೀಳಿದರೆ ಬೆಂಕಿ ಹಿಂದಕ್ಕೆ ಬರಬಹುದು. ಹಿಂದಕ್ಕೆ ಎಂದರೆ ಕೋವಿಗೆ ಕೆನ್ನೆ ಒತ್ತಿ, ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ತೆರೆದವನ ಕಡೆಗೆ.

ಶಾಲೆ ಬಿಟ್ಟ ಕೂಡಲೇ ಮನೆಗೆ ಬಂದೆ. ಕಾಕ ಸ್ಟೂಲಿನ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದರು. ಹೇಳಿದೆ. ಅವರು ಸುಲಿಯುವುದನ್ನು ನಿಲ್ಲಿಸಲಿಲ್ಲ, ಕೈಗಳು ನಿಧಾನವಾದವು.

"ಬಾಬಾ ಬಂದು ಎರಡು ಶುಕ್ರವಾರ ಆಯ್ತು" ಎಂದರು. ಇನ್ನೊಂದು ಕಾಯಿ ಸುಲಿದು, "ಈ ಎರಡು ವಾರ ಬಿಲ್ಡಿಂಗ್‌ಗೆ ಬರ್ಲಿಲ್ಲ. ಫೋನೂ ಎತ್ತುದಿಲ್ಲ."

ಇಬ್ಬರೂ ಒಂದೇ ವಿಷಯ ಯೋಚಿಸಿದೆವು.

"ಎಷ್ಟು ಪರ್ಸೆಂಟ್ ಮಾಷ್ಟ್ರೆ?"

"ಗೊತ್ತಿಲ್ಲ ಕಾಕ. ಏನೂ ಆಗದೆಯೂ ಇರಬಹುದು."

"ನಿಮ್ಗೇ ಗೊತ್ತಿಲ್ವಾ?"

ಕುಹಕವೇನೂ ಇರಲಿಲ್ಲ ಆ ಮಾತಿನಲ್ಲಿ. ನಿಜವಾಗಿ ಕೇಳಿದ್ದರು. ಅವರು ಮತ್ತೆ ಫೋನ್ ಮಾಡಿದರು. ರಿಂಗ್ ಆಗಿ ಆಗಿ ನಿಂತಿತು. "ಹೋಗುವ" ಎಂದು ಎದ್ದರು. ಬಟಾಣಿಯ ತಟ್ಟೆಯನ್ನು ಸ್ಟೂಲಿನ ಮೇಲಿಟ್ಟು ಅದರ ಮೇಲೆ ಪತ್ರಿಕೆ ಮುಚ್ಚಿದರು. ಹೋಗಿ ಸತ್ಯ ಹೇಳಿದರೆ ಬಾಬಾನಿಗೆ ಸಿಟ್ಟು ಬರಬಹುದು, ಅಕ್ಟೋಬರಿನಲ್ಲಿ ಇಕಾಮಾ ಖಲಾಸ್ ಆಗಬಹುದು ಎಂದು ಅವರಿಗೆ ಹೊಳೆಯದೆ ಇರಲಿಲ್ಲ. "ಸಿಟ್ಟು ಬರ್ಲಿ. ಸಿಟ್ಟು ಬರ್ಲಿಕ್ಕೆ ಕಣ್ಣು ಇರ್ಬೇಕಲ್ಲ" ಎಂದರು.

ನನ್ನ ಹಳೆಯ ಕಾರಿನಲ್ಲಿ ಹೋದೆವು. ತರಗತಿಯ ಕಥೆಯಲ್ಲಿ ಕಾಕ ಟ್ಯಾಕ್ಸಿ ಹಿಡಿಯುತ್ತಾರೆ.

ದಾರಿಯಲ್ಲಿ ನಾನೊಂದು ಮಾತು ಹೇಳಿದೆ. ಇದನ್ನು ಮಾತ್ರ ಮರೆತಿಲ್ಲ. ಮರೆಯಲು ಪ್ರಯತ್ನಪಟ್ಟದ್ದಕ್ಕೇ ಉಳಿದಿರಬೇಕು. "ಕಾಕ, ಡಬ್ಬ ಶಾಲೆಯದ್ದು. ಮ್ಯಾನೇಜ್‌ಮೆಂಟ್‌ಗೆ ಗೊತ್ತಾದರೆ ನನ್ನ ಕೆಲಸಕ್ಕೆ ಕಷ್ಟ. ನನ್ನ ಹೆಸರು ಹೇಳಬೇಡಿ."

ಕಾಕ ಕಿಟಕಿಯ ಹೊರಗೆ ನೋಡುತ್ತಿದ್ದರು. "ಹೆಸರು ಯಾಕೆ ಮಾಷ್ಟ್ರೆ. ಉಜ್ಜಿದ್ದು ನನ್ನ ಕೈ ಅಲ್ವಾ" ಎಂದರು.

ನನ್ನ ಕೈಯೂ ಉಜ್ಜಿತ್ತು. ಅದನ್ನು ಅವರು ಹೇಳಲಿಲ್ಲ, ನಾನೂ ಹೇಳಲಿಲ್ಲ.

ಬಾಬಾನ ಮನೆಯ ಮುಂದೆ ಅವರು ಇಳಿದು ಒಳಗೆ ಹೋದರು. ನಾನು ಕಾರಿನಲ್ಲೇ ಕೂತೆ. ಎಷ್ಟು ಹೊತ್ತು? ತರಗತಿಯಲ್ಲಿ ಒಂದು ಗಂಟೆ ಎನ್ನುತ್ತೇನೆ. ಇಪ್ಪತ್ತು ನಿಮಿಷ ಇರಬಹುದು. ಎದುರು ಮನೆಯ ಖರ್ಜೂರದ ಮರಕ್ಕೆ ಹಕ್ಕಿಗಳು ಬರದಂತೆ ಬಲೆ ಕಟ್ಟಿದ್ದರು. ಗೊನೆಗಳನ್ನು ಎಣಿಸಿದೆ, ಒಂಬತ್ತು. ಒಮ್ಮೆ ಎಂಟು. ಬಾಬಾನ ಕಣ್ಣಿಗೆ ಏನೂ ಆಗದಿರಲಿ ಎಂದು ಬೇಡಿಕೊಂಡೆ. ಅದರ ಬೆನ್ನಿಗೇ, ಕಾಕ ನನ್ನ ಹೆಸರು ಹೇಳದಿರಲಿ ಎಂದೂ ಬೇಡಿಕೊಂಡೆ. ಯಾವುದನ್ನು ಹೆಚ್ಚು ಬೇಡಿಕೊಂಡೆ ಎಂದು ಯಾರಾದರೂ ಕೇಳಿದರೆ... ಕೇಳದಿರಲಿ.

ಬಾಗಿಲು ತೆರೆಯಿತು. ಕಾಕ ಅಕ್ಕಿ ಚೀಲವನ್ನು ಹೆಗಲ ಮೇಲೆ ಹೊತ್ತು ಬಂದರು. ಹೆಜ್ಜೆ ಹೆಜ್ಜೆಗೂ ಗಲಗಲ. ಚೀಲವನ್ನು ಹಿಂದಿನ ಸೀಟಿಗೆ ಹಾಕಿ, ಎರಡನೆಯದನ್ನೂ ತಂದು ಹಾಕಿ, ಮುಂದೆ ಕೂತು, ಬೆಲ್ಟ್ ಹಾಕಿಕೊಂಡರು. ಆಮೇಲೆ ನಗಲು ಶುರು ಮಾಡಿದರು. ಸದ್ದಿಲ್ಲದ ನಗು, ಭುಜ ಮಾತ್ರ ಅಲುಗುತ್ತಿತ್ತು.

"ಬಾಗಿಲು ತೆಗೆದದ್ದು ಬಾಬಾನೇ. ಒಂದು ಕಣ್ಣಿಗೆ ಬಿಳಿ ಪಟ್ಟಿ! ನನ್ನ ಜೀವ ಹೋಯ್ತು ಮಾಷ್ಟ್ರೆ. ಅಲ್ಲೇ ಕೂತುಬಿಟ್ಟೆ, ಮೆಟ್ಟಿಲಲ್ಲಿ."

"ಮತ್ತೆ?"

"ಪೊರೆ ಮಾರಾಯ್ರೆ, ಪೊರೆ! ಕಣ್ಣಿನ ಪೊರೆ ಆಪರೇಷನ್. ಬಂದ ಮೂರನೇ ದಿನಕ್ಕೆ ಮಾಡಿಸಿದ್ದಂತೆ. ಡಾಕ್ಟ್ರು ಕೋವಿ ಮುಟ್ಟಬೇಡ, ಫೋನು ನೋಡಬೇಡ, ಬಗ್ಗಬೇಡ ಹೇಳಿದ್ದಾರೆ. ಚೀಲ ನಾನು ಇಟ್ಟಲ್ಲೇ ಉಂಟು. ನಾನು ಹಾಕಿದ ಗಂಟು ಸಹ ಬಿಚ್ಚಿಲ್ಲ."

ನಾನೂ ನಕ್ಕೆ. ಸ್ಟಿಯರಿಂಗ್ ಮೇಲೆ ಹಣೆಯಿಟ್ಟು ನಕ್ಕೆ. ಆಗ ಅಳುತ್ತಿದ್ದೆನೋ ಏನೋ, ಕಾಕ ಮಾತ್ರ ಈ ಬಾರಿ ಹೆಂಡತಿಯ ನೆನಪಾ ಎಂದು ಕೇಳಲಿಲ್ಲ. ನನ್ನ ಬದುಕಿನಲ್ಲಿ ಅಷ್ಟು ಹಗುರವಾದ ಸಂಜೆ ಇನ್ನೊಂದಿಲ್ಲ. ದಾರಿಯಲ್ಲಿ ನಿಲ್ಲಿಸಿ ಕರಕ್ ಚಹಾ ಕುಡಿದೆವು. ಕಾಕ ಎರಡು ಕಪ್ ಕುಡಿದರು.

"ಬಾಬಾನಿಗೆ ಎಂತ ಹೇಳಿದ್ರಿ?" ಎಂದು ಕೇಳಿದೆ.

"ಹೇಳ್ಬೇಕಾದ್ದು ಹೇಳಿದೆ."

"ಬೈದ್ರಾ?"

"ಬೈದ್ರು."

ಯಾರನ್ನು ಎಂದು ನಾನು ಕೇಳಲಿಲ್ಲ.

ಮರುದಿನ ಶುಕ್ರವಾರ ಬೆಳಿಗ್ಗೆ, ಕಾಕ ಮಸೀದಿಗೆ ಹೋಗುವ ಮೊದಲು, ತಾರಸಿಯಲ್ಲಿ ಅದೇ ಬೆಡ್‌ಶೀಟ್ ಹಾಸಿ ಎಲ್ಲ ಖಾಲಿಗಳನ್ನೂ ಸುತ್ತಿಗೆಯಿಂದ ಚಪ್ಪಟೆ ಮಾಡಿದೆವು. ಇನ್ನು ಯಾರ ಕೈಗೂ ಸಿಕ್ಕಿ ಯಾವ ಕೋವಿಗೂ ಹೋಗಬಾರದಲ್ಲ. ಬಡಿಯುವ ಮೊದಲು ಕಾಕ ಅಭ್ಯಾಸ ಬಿಡದೆ ಒಂದೊಂದು ಮುಷ್ಟಿಯನ್ನೂ ಕಿವಿಗೆ ಹಿಡಿದು ಅಲುಗಿಸಿದರು. "ಸರಿ ಉಂಟು. ಇದೂ ಸರಿ ಉಂಟು" ಎನ್ನುತ್ತ ನನ್ನ ಕಡೆ ತಳ್ಳಿದರು, ನಾನು ಬಡಿದೆ. ತರಗತಿಯ ಕಥೆಯಲ್ಲಿ ಅರ್ಧಕ್ಕರ್ಧ ಖಾಲಿಗಳು ಸೀಳಿರುತ್ತವೆ. ನಿಜಕ್ಕೂ ಎರಡು ಚೀಲದಲ್ಲಿ ಮಂಕಾಗಿ ಕೇಳಿಸಿದ್ದು ಎರಡೋ ಮೂರೋ. ಅವು ಮೊದಲೇ ಸೀಳಿದ್ದಿರಲೂಬಹುದು. ಒಳಗಿನ ಬಿರುಕು ಇನ್ನೂ ಸದ್ದಿನವರೆಗೆ ಬಂದಿರಲಿಲ್ಲವೋ, ಅಥವಾ ಬಿರುಕೇ ಇರಲಿಲ್ಲವೋ. ನಮ್ಮ ಓಟ, ನಮ್ಮ ಭಯ, ನನ್ನ ಆ ಮಾತು, ಎಲ್ಲವೂ ಏನೂ ಆಗದಿದ್ದ ಹಿತ್ತಾಳೆಯ ಸಲುವಾಗಿಯೇ ನಡೆದಿರಬಹುದು. ಹಾಗೆ ಯೋಚಿಸಿದರೂ ಆ ಬೆಳಗಿನ ನೆಮ್ಮದಿ ಕಡಿಮೆಯಾಗುವುದಿಲ್ಲ. ಸುತ್ತಿಗೆಯ ಪ್ರತಿ ಪೆಟ್ಟಿಗೂ ಒಂದು ಕಣ್ಣು ಉಳಿಯುತ್ತಿದೆ ಎಂಬಂತೆ ಬಡಿದಿದ್ದೆ.

ಕಾಕನ ಇಕಾಮಾ ಆ ಅಕ್ಟೋಬರಿನಲ್ಲಿ ನವೀಕರಣವಾಯಿತು. ಬಾಬಾನೇ ಓಡಾಡಿ ಮಾಡಿಸಿದರು. ಆದರೆ ಖಾಲಿಯ ಚೀಲ ಮತ್ತೆ ನಮ್ಮ ಕಟ್ಟಡಕ್ಕೆ ಬರಲಿಲ್ಲ. ತೊಳೆಯುವ ಯಂತ್ರವೊಂದನ್ನು ತರಿಸಿಕೊಂಡರಂತೆ. ಊರಿನಿಂದ ಬಂದ ಹೆಂಗಸರಿಗೆ ಇದನ್ನು ಯಾರೂ ಹೇಳಿರಲಿಲ್ಲ. ಅವರು ಹುಳಿಯ ನಾರು ಎತ್ತಿಡುತ್ತಲೇ ಇದ್ದರು. ಕಾಕ ಬುಧವಾರ ಬೆಲ್ ಒತ್ತಿ, ಡಬ್ಬ ಇಸಿದುಕೊಂಡು, ಕೆಳಗೆ ಹೋಗಿ ಕಸಕ್ಕೆ ಹಾಕಿ, ಡಬ್ಬ ತೊಳೆದು ತಂದುಕೊಡುತ್ತಿದ್ದರು. ನಾನೊಮ್ಮೆ ನೋಡಿ, "ಬೇಡ ಎಂದು ಹೇಳಬಾರದೇ ಕಾಕ?" ಎಂದೆ. "ಅಷ್ಟು ಜಾಗ್ರತೆಯಲ್ಲಿ ಇಟ್ಟಿರ್ತಾರೆ ಪಾಪ" ಎಂದರು.

ಬಾಬಾ ಒಮ್ಮೆ ಲಿಫ್ಟ್‌ನಲ್ಲಿ ಸಿಕ್ಕಿದರು. ಪಟ್ಟಿ ಇರಲಿಲ್ಲ, ಎರಡು ಕಣ್ಣೂ ಚೆನ್ನಾಗಿದ್ದವು. ನಾನು ಮೊದಲು ನೋಡಿದ್ದೇ ಕಣ್ಣುಗಳನ್ನು. ಅವರು ನಕ್ಕು, "ಉಸ್ತಾದ್! ಕೀಮಿಯಾ ಜೈನ್?" ಎಂದರು. ಮೇಷ್ಟ್ರೇ, ರಸಾಯನಶಾಸ್ತ್ರ ಹೇಗಿದೆ ಎಂದು. ನನ್ನ ವಿಷಯ ಯಾವುದೆಂದು ನಾನು ಅವರಿಗೆ ಯಾವತ್ತೂ ಹೇಳಿರಲಿಲ್ಲ. ಆದರೆ ಮನೆಯ ಕರಾರು ಪತ್ರದಲ್ಲಿ ರಸಾಯನಶಾಸ್ತ್ರ ಅಧ್ಯಾಪಕ ಎಂದು ಬರೆದಿತ್ತು. ಅಲ್ಲಿ ಓದಿರಬಹುದು. ಲಿಫ್ಟ್ ಮೇಲೆ ಹೋಗುವಷ್ಟೂ ಹೊತ್ತು ನಾನು ಆ ನಗುವನ್ನು ಓದಲು ನೋಡಿದೆ. ಶಾಲೆಗೆ ಯಾವ ದೂರೂ ಹೋಗಲಿ‌ಲ್ಲ. ಲ್ಯಾಬ್‌ಗೆ ಹೊಸ ಡಬ್ಬ ತಂದಿಟ್ಟೆ. ಯಾರೂ ಕೇಳಲಿಲ್ಲ.

ಮುಂದಿನ ವರ್ಷ ಇಕಾಮಾ ಆಗಲಿಲ್ಲ. ಬಾಬಾ ಓಡಾಡಿದರೂ ಆಗಲಿಲ್ಲ. ಕಾಕ ಎರಡು ಸೂಟ್‌ಕೇಸ್ ತೆಗೆದುಕೊಂಡು ಊರಿಗೆ ಹೋದರು. ನಾನೇ ವಿಮಾನ ನಿಲ್ದಾಣಕ್ಕೆ ಬಿಟ್ಟೆ; ಅದೇ ಕಾರು, ಅದೇ ಸೀಟು. ಕೇಳಬೇಕೆಂದಿದ್ದ ಪ್ರಶ್ನೆಯನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡೇ ಸೂಟ್‌ಕೇಸ್ ಇಳಿಸಿಕೊಟ್ಟೆ. ಹೊಸ ಹಾರಿಸ್ ಬಂದ, ನಾವೂ ಎಗೈಲಾಕ್ಕೆ ಬಂದೆವು. ಕೆಲವು ವರ್ಷ ವಾಟ್ಸ್ಆ್ಯಪ್‌ನಲ್ಲಿ ಕಾಕನ ದನಿ ಬರುತ್ತಿತ್ತು: "ಮಾಷ್ಟ್ರೆ, ಅಕ್ಕನಿಗೆ ಸಲಾಂ ಹೇಳಿ, ಈಗ ಹುಳಿ ಎಲ್ಲಿ ಬಿಸಾಡ್ತಾರೆ ಕೇಳಿ." ಆಮೇಲೊಂದು ದಿನ ಅದೇ ಸಂಖ್ಯೆಯಿಂದ ಅವರ ಮಗನ ಸಂದೇಶ ಬಂತು. ಬಾಪ ನಿನ್ನೆ ತೀರಿಕೊಂಡರು ಎಂದು. ನಾನು ಏನು ಉತ್ತರ ಬರೆದೆನೋ... ಫೋನ್ ಬದಲಾದಾಗ ಅದೂ ಹೋಯಿತು, ಕಾಕನ ದನಿಯೂ ಹೋಯಿತು.

ಮಾಲ್‌ನಿಂದ ಬಂದ ದಿನ ಹೆಂಡತಿಗೆ ಎಲ್ಲವನ್ನೂ ಹೇಳಿದೆ, ಕಾರಿನಲ್ಲಿ ಆಡಿದ ಆ ಮಾತನ್ನೂ ಸೇರಿಸಿ. ಇಷ್ಟು ವರ್ಷ ಅದೊಂದನ್ನು ಹೇಳಿರಲಿಲ್ಲ. ಅವಳು ಸಾರಿಗೆ ಹುಳಿ ಹಿಂಡುತ್ತಿದ್ದಳು. ಕೇಳಿ ಮುಗಿಸಿ, "ಯಾರ ಕಣ್ಣೂ ಹೋಗಲಿಲ್ಲವಲ್ಲ, ಅಷ್ಟೇ ಸಾಕು" ಎಂದಳು. ಆಮೇಲೆ, "ಡಬ್ಬ ಮಾತ್ರ ಕಾಕನದ್ದೇ" ಎಂದಳು. ಹಿಂಡಿದ ಹುಳಿಯನ್ನು ಒಂದು ಕ್ಷಣ ಕೈಯಲ್ಲೇ ಹಿಡಿದುಕೊಂಡು, ಕಸದ ಬುಟ್ಟಿಗೆ ಹಾಕಿದಳು.

ತಾಮ್ರದ ಪಾಠ ಮುಂದಿನ ತಿಂಗಳು ಬರುತ್ತದೆ. ಈ ಬಾರಿ ಕಥೆಯಲ್ಲಿ ನಾನೂ ಇರುತ್ತೇನೆ, ಬನಿಯನ್ ತುಂಡು ಹಿಡಿದುಕೊಂಡು. ಸೀಳದ ಖಾಲಿಗಳನ್ನು ಸೀಳದೆಯೇ ಬಿಡುತ್ತೇನೆ. ಬಾಬಾನ ಕಣ್ಣು ಉಳಿಯಿತು ಎಂಬಲ್ಲಿಗೆ ಮಕ್ಕಳು ನಿಟ್ಟುಸಿರು ಬಿಡುತ್ತಾರೆ, ನಾನೂ ಪ್ರತಿ ವರ್ಷದಂತೆ ಬಿಡುತ್ತೇನೆ. ಅದು ನಾಟಕವಲ್ಲ. ಮುಂದೆ ಯಾರಾದರೂ, ಆ ಮನೆಯೊಳಗೆ ನಿಮ್ಮ ಕಾಕ ಏನು ಹೇಳಿದರು ಸರ್ ಎಂದು ಕೇಳಿದರೆ, ಗೊತ್ತಿಲ್ಲ ಎನ್ನಬೇಕು. ನನ್ನ ಹೆಸರು ಹೇಳಿದರೋ, ಹೇಳಲಿಲ್ಲವೋ, ನನಗೆ ಗೊತ್ತಿಲ್ಲ.